ಸೋದರಮಾವನ ಪಾಲು

ಬಸ್ರೂರಿನಿಂದ ಕೋಡಿಯ ಕಡಲ ದಂಡೆಗೆ ಸ್ಕೂಟರಿನಲ್ಲಿ ಹೊರಟರೆ ಬಾಯಿಗೆ ಹಾಕಿದ ವೀಳ್ಯ ಮುಗಿಯುವುದರೊಳಗೆ ತಲುಪಬಹುದು. ಅಷ್ಟು ದೂರಕ್ಕೆ ಚಕ್ರದ ಸೂಟ್‌ಕೇಸ್ ಕಟ್ಟಿಕೊಂಡು ಹೋದವನು ನಮ್ಮೂರ ಚರಿತ್ರೆಯಲ್ಲಿ ಒಬ್ಬನೇ, ತೆಂಗಿನಕಾಯಿ ವ್ಯಾಪಾರದ ರಾಜೇಂದ್ರ. ಆ ಸೂಟ್‌ಕೇಸನ್ನು ತೊಡೆಯ ಮೇಲೆ ಹೊತ್ತು ಹಿಂದಿನ ಸೀಟಿನಲ್ಲಿ ಕೂತವನೂ ಒಬ್ಬನೇ. ಅದು ನಾನು, ಪೇಟೆಯ ದರ್ಜಿ ರಾಘವೇಂದ್ರ. ನನ್ನನ್ನು ಯಾರೂ ಮದುವೆಗೆ ಕರೆದಿರಲಿಲ್ಲ. ಸೂಟ್‌ಕೇಸ್ ತಾನಾಗಿ ಸ್ಕೂಟರ್ ಮೇಲೆ ಕೂರುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಹೊರಟದ್ದು.

"ಕೋಡಿಗ್ ಹೋಪುಕೆ ಸೂಟ್‌ಕೇಸಾ?" ಎಂದು ಅವನ ಹೆಂಡತಿ ವನಜ ಬಾಗಿಲಲ್ಲೇ ಕೇಳಿದ್ದರು. "ಕೋಡಿಗ್ ಹೋಪರ್ ಮೀನಿನ್ ಚೀಲ ಹಿಡ್ಕಂಡ್ ಹೋತ್ರ್."

"ಇದ್ ಡೆಸ್ಟಿನೇಶನ್ ವೆಡ್ಡಿಂಗ್ ಮಾರಾಯ್ತಿ," ಎಂದ ರಾಜೇಂದ್ರ. "ಬಂದರ್ ಎಲ್ಲಾ ಪೆಟ್ಟಿಗಿ ಹಿಡ್ಕಂಡೇ ಬಪ್ದ್. ನಾ ಬರಿಗೈಯಲ್ ಹೋರೆ ಕಾಯಿ ಕೊಡುಕೆ ಬಂದನ್ ಅಂದ್ಕಂತ್ರ್."

ಮದುವೆ ಅವನ ಅಕ್ಕ ಸರೋಜಕ್ಕನ ಮಗಳದ್ದು. ಸರೋಜಕ್ಕ ಮದುವೆಯಾಗಿ ಮುಂಬಯಿಗೆ ಹೋದವರು, ಅಲ್ಲಿ ಗಂಡನ ಹೋಟೆಲು ಇದೆ. ಮಗಳು ಸ್ವಾತಿಗೆ ಇಂದೋರಿನ ಹುಡುಗ ಸಿಕ್ಕಿದ. ಮದುವೆ ಮುಂಬಯಿಯಲ್ಲೂ ಬೇಡ, ಇಂದೋರಿನಲ್ಲೂ ಬೇಡ, ಕಡಲು ತೆಂಗು ಸೂರ್ಯಾಸ್ತ ಇರುವ ಜಾಗ ಬೇಕು ಎಂದು ಹುಡುಕಿ ಹುಡುಕಿ, ಕೋಡಿಯಲ್ಲಿ ಹೊಸದಾಗಿ ಎದ್ದ ರೆಸಾರ್ಟಿಗೆ ಬಂದು ಮುಟ್ಟಿದರು. ಗಂಡಿನ ಕಡೆಯವರು ಇದನ್ನೆಲ್ಲ ನೋಡಲು ವಿಮಾನ ಹತ್ತಿ ಬಂದಿದ್ದರು. ನಾವು ಹುಟ್ಟಿದಾಗಿನಿಂದ ನೋಡುತ್ತಿದ್ದರೂ ಇದಕ್ಕೆ ಟಿಕೆಟ್ ಇದೆ ಎಂದು ನಮಗೆ ಗೊತ್ತಿರಲಿಲ್ಲ.

ಸೂಟ್‌ಕೇಸಿನಲ್ಲಿ ಇದ್ದದ್ದು ಒಂದು ರೇಷ್ಮೆ ಪಂಚೆ ಮತ್ತು ಜರಿಯ ಶಲ್ಯ. ನಮ್ಮ ಕಡೆ ಮದುಮಗಳನ್ನು ಮಂಟಪಕ್ಕೆ ಕೈಹಿಡಿದು ಕರೆತರುವವನು ಸೋದರಮಾವ. ಸ್ವಾತಿಗೆ ಇರುವುದು ಒಬ್ಬನೇ ಸೋದರಮಾವ. ಅವಳು ತೊಟ್ಟಿಲಲ್ಲಿ ಇದ್ದಾಗಲೇ ರಾಜೇಂದ್ರ ಈ ಕೆಲಸಕ್ಕೆ ತಯಾರಾಗಿದ್ದ. ಅವನಿಗೆ ಮಕ್ಕಳಿಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ ಸಿಗುವ ಈ ಮರ್ಯಾದೆಗಾಗಿ ಅವನು ಒಂದು ವಾರದಿಂದ ಅಂಗಳದಲ್ಲಿ ಶಲ್ಯ ಹೊದ್ದು ನಿಧಾನ ನಡೆಯುವ ಅಭ್ಯಾಸ ಮಾಡುತ್ತಿದ್ದ. ಕೈಹಿಡಿಯಲು ಮದುಮಗಳು ಇಲ್ಲದ್ದರಿಂದ ನಮ್ಮ ಮನೆಯ ಛತ್ರಿ ತೆಗೆದುಕೊಂಡು ಹೋಗಿದ್ದ, ಇನ್ನೂ ವಾಪಸ್ ಕೊಟ್ಟಿಲ್ಲ.

ರೆಸಾರ್ಟಿನ ಬಾಗಿಲಲ್ಲಿ ನಮ್ಮಿಬ್ಬರ ಹಣೆಗೆ ಕುಂಕುಮ ಇಟ್ಟು, ಕೈಗೆ ಒಂದೊಂದು ಎಳನೀರಿನ ಬೊಂಡ ಕೊಟ್ಟರು. ಬೊಂಡದ ಮೇಲೆ ಒಂದು ಪುಟ್ಟ ಕಾಗದದ ಕೊಡೆ. ರಾಜೇಂದ್ರ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ರಾಘಣ್ಣ, ಇದ್ ನಮ್ದೇ ಬೊಂಡ. ಮೊನ್ನೆ ನಾನೇ ತಂದ್ ಹಾಕದ್ದ್."

"ಸುಮ್ನೆ ಕುಡಿ. ಈಗ್ಳ್ ನೀ ಗೆಸ್ಟ್," ಎಂದೆ.

ಪಕ್ಕದಲ್ಲೇ ಪೂಜೆಗೆಂದು ಸುಲಿದ ಕಾಯಿಗಳ ರಾಶಿ ಇತ್ತು. ಅವೂ ಅವನವೇ. ರಾಜೇಂದ್ರ ಎಡಗೈಯವನು, ಅವನು ಸುಲಿದ ಕಾಯಿಯ ಜುಟ್ಟು ಎಡಕ್ಕೆ ವಾಲಿರುತ್ತದೆ. ಬಸ್ರೂರಿನಲ್ಲಿ ಚಿಕ್ಕ ಮಕ್ಕಳೂ ಅದನ್ನು ನೋಡಿ ಇದು ರಾಜೇಂದ್ರಣ್ಣನ ಕಾಯಿ ಎಂದು ಹೇಳುತ್ತಾರೆ. ಮನೆಯಲ್ಲಿದ್ದ ಕಾಯಿಯನ್ನೆಲ್ಲ ಇಲ್ಲಿಗೇ ಸುರಿದಿದ್ದ. ಆ ದಿನ ಬೆಳಿಗ್ಗೆ ವನಜ ಸಾರಿಗೆ ಕಾಯಿ ಇಲ್ಲವೆಂದು ನಮ್ಮ ಮನೆಯಿಂದ ಅರ್ಧ ಕಡಿ ಒಯ್ದಿದ್ದರು.

ಮದುವೆಯನ್ನು ನಡೆಸುತ್ತಿದ್ದದ್ದು ಪುರೋಹಿತರಲ್ಲ, ವಿಜೇತಾ ಎಂಬ ಹುಡುಗಿ. ಬೆಂಗಳೂರಿನ ಇವೆಂಟ್ ಕಂಪೆನಿಯವಳು. ಕಿವಿಯಲ್ಲೊಂದು ವೈರು, ಕೈಯಲ್ಲೊಂದು ವಾಕಿ-ಟಾಕಿ. ಅವಳು ನಮಗೆ ಗಿಣಿ ಮತ್ತು ಅನಾನಸು ಅಚ್ಚಾದ ಒಂದೊಂದು ಅಂಗಿ ಕೊಟ್ಟು, ಸಂಜೆಯ ಕಾರ್ಯಕ್ರಮಕ್ಕೆ ಎಲ್ಲರೂ ಇದನ್ನೇ ಹಾಕಬೇಕು ಎಂದಳು. ಕಾಲರಿಗೆ ಕ್ಯಾನ್ವಾಸ್ ಇಲ್ಲ, ಗುಂಡಿಗೆ ದಾರ ಎರಡೇ ಸುತ್ತು. ಅಂಥದ್ದನ್ನು ನನ್ನ ಅಂಗಡಿಯಲ್ಲಿ ಹೊಲಿದರೆ ಗಿರಾಕಿ ಮುಖಕ್ಕೆ ಎಸೆದು ಹೋಗುತ್ತಿದ್ದ. ಇಲ್ಲಿ ಇಂದೋರಿನ ದೊಡ್ಡ ದೊಡ್ಡ ವ್ಯಾಪಾರಿಗಳು ಅದನ್ನು ತೊಟ್ಟು ಹುಲ್ಲಿನ ಮೇಲೆ ಕುಣಿಯುತ್ತಿದ್ದರು. ಗಾನ, ಗುಲಾಲು, ಬಗೆಬಗೆಯ ಶರಬತ್ತು, ಅಪ್ಪಟ ಸಸ್ಯಾಹಾರ. ಕೇಕಿಗೂ ಮೊಟ್ಟೆ ಹಾಕಿಲ್ಲ ಎಂದು ಬೋರ್ಡು ಬರೆದು ನಿಲ್ಲಿಸಿದ್ದರು.

ರಾಜೇಂದ್ರ ಪಂಚೆಯ ಮೇಲೆ ಗಿಣಿ ಅಂಗಿ ತೊಟ್ಟು ನೇರ ವಿಜೇತಾಳ ಮುಂದೆ ನಿಂತ.

"ನಾಳಿಗೆ ನಾ ಎಷ್ಟ್ ಹೊತ್ತಿಗ್ ಹೆಣ್ಣಿನ್ ಕೈ ಹಿಡೂಕ್?"

"ಯಾಕೆ ಅಂಕಲ್?"

"ಸೋದರಮಾವ ನಾನ್."

ವಿಜೇತಾ ಮೊಬೈಲು ನೋಡಿದಳು. "ಬ್ರೈಡ್ ಎಂಟ್ರಿ ಡಿಸೈನ್ ಆಗಿಬಿಟ್ಟಿದೆ ಅಂಕಲ್. ಓಪನ್ ಜೀಪು, ಹೊಗೆ, ಮೇಲಿಂದ ಡ್ರೋನ್. ಮಾವಂದಿರಿಗೆ ಜಾಗ ಇಟ್ಟಿಲ್ಲ."

"ಜೀಪಿಗೆ ಹಿಂದಿನ್ ಸೀಟ್ ಇತ್ತಲ್ದಾ?"

"ಅಲ್ಲಿ ಹೊಗೆ ಮಷೀನ್ ಕೂರುತ್ತೆ."

ಇಪ್ಪತ್ತಾರು ವರ್ಷ ಕಾದ ಜಾಗದಲ್ಲಿ ಹೊಗೆಯ ಮಷೀನು ಕೂತದ್ದನ್ನು ಕೇಳಿ ರಾಜೇಂದ್ರ ಎಡಗೈಯಿಂದ ಮೀಸೆ ಒರೆಸಿಕೊಂಡ. ಅವನು ಹಾಗೆ ಮಾಡಿದರೆ ಏನೋ ಅನಾಹುತಕ್ಕೆ ಹೊರಟಿದ್ದಾನೆ ಎಂದು ಅರ್ಥ. ನಾನು ಸೂಟ್‌ಕೇಸ್ ಹಿಡಿದು ಹಿಂದೆ ಹಿಂದೆ ಹೋದೆ.

ಸರೋಜಕ್ಕ ಕೋಣೆಯಲ್ಲಿ ಸೀರೆಗಳ ನಡುವೆ ಕೂತಿದ್ದರು. ತಮ್ಮನನ್ನು ನೋಡಿದ್ದೇ ಕಣ್ಣು ತುಂಬಿ ಬಂತು. "ನಂಗ್ ಆಸೆ ಇಲ್ದೆ ಅಲ್ದಾ ರಾಜು. ಆರೆ ಎಲ್ಲಾ ಗಂಡಿನ್ ಬದಿಯರ್ ಒಪ್ಪಿ ಫಿಕ್ಸ್ ಆದ್ದ್. ಹುಡ್ಗನ್ ಅಜ್ಜಿ ಇದ್ರಲೆ, ದಾದಿ, ಅವ್ರ್ ಹೇಳ್ದೇ ಕಡಿ ಮಾತ್. ಅವ್ರ್ ಹೂಂ ಅಂದ್ರೆ ಜೀಪ್ ಹೋತ್ತ್, ನೀ ಬತ್ತೆ. ಅವ್ರ್ ಮನ್ಸ್ ಮಾತ್ರ ಕೆಡ್ಸ್‌ಬ್ಯಾಡ."

ಮದರಂಗಿ ಹಚ್ಚಿದ ಎರಡೂ ಕೈ ಎತ್ತಿ ಹಿಡಿದು ಕೂತಿದ್ದ ಸ್ವಾತಿ ಮೆಲ್ಲಗೆ ಹೇಳಿದಳು. "ಮಾವ, ಹೊಗಿ ಕಂಡ್ರೆ ನಂಗೆ ಸೀನ್ ಬತ್ತ್. ಎಂತಾರೂ ಮಾಡಿ."

ಇಷ್ಟು ಸಾಕಾಯಿತು. ದಾದಿಯ ಮನಸ್ಸು ಗೆಲ್ಲಬೇಕು, ಅದೂ ಸೂರ್ಯ ಮುಳುಗುವುದರೊಳಗೆ. ದೇವರು ದಾರಿಯನ್ನೂ ತೋರಿಸಿದ. ಸಂಜೆ ಬೆಂಕಿ ಕುಣಿತ ಮಾಡಬೇಕಾಗಿದ್ದ ಗೋವಾದ ತಂಡದ ವ್ಯಾನು ಬೈಂದೂರಿನ ಹತ್ತಿರ ಹೈವೇಯಲ್ಲಿ ಕೆಟ್ಟು ನಿಂತಿತ್ತು. ವಿಜೇತಾ ವಾಕಿ-ಟಾಕಿಯಲ್ಲಿ ಅಳುವುದೊಂದು ಬಾಕಿ.

"ಅಳ್‌ಬ್ಯಾಡ ಹೆಣ್ಣೆ, ನಾ ಇದ್ದೆ," ಎಂದ ರಾಜೇಂದ್ರ. "ನಿನ್ನ ಜನಕ್ಕೆ ಕಡಲಲ್ ರಂಪಣಿ ಬಲೆ ಎಳುಸ್ತೆ. ದುಡ್ಡ್ ಕೊಟ್ರೂ ಸಿಕ್ಕುದಿಲ್ಲೆ ಇಂಥಾದ್ದ್."

"ಅಂಕಲ್, ಇದು ಪ್ಯೂರ್ ವೆಜ್ ಮದುವೆ."

"ಹಗ್ಗ ವೆಜ್ಜೇ ಅಲ್ದಾ?"

ದಂಡೆಯ ಮೇಲೆ ತೆಂಗಿನ ಮಡಲಿನ ಚಪ್ಪರದಡಿ ರಂಪಣಿಯ ಯಜಮಾನ ಚಂದಯ್ಯ ಬಲೆಯ ತೂತು ಹೊಲಿಯುತ್ತಿದ್ದ. ಈ ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲಲ್ಲಿ ಅರ್ಧ ಚಂದ್ರದ ಹಾಗೆ ಬಿಟ್ಟು, ಎರಡು ತುದಿಯ ಹಗ್ಗವನ್ನು ದಂಡೆಯಿಂದ ಎರಡು ಸಾಲು ಜನ ಎಳೆಯುತ್ತಾರೆ. ಎಳೆಯಲು ಜನ ಬಂದಷ್ಟೂ ಒಳ್ಳೆಯದೇ.

"ಮೀನ್ ಬತ್ತಾ ಈಗ್ಳ್?" ಎಂದು ರಾಜೇಂದ್ರ ಮೊದಲು ಕೇಳಿದ.

"ಮೀನಾ? ತಿಂಗ್ಳಾಯ್ತ್ ಮಾರ್ರೆ ಮೀನಿನ್ ಮುಖ ಕಾಣ್ದೆ. ಬಪ್ದೆಲ್ಲಾ ಬಾಟ್ಲಿ, ಕಸ, ಯಾರ್ದೋ ಒಂಟಿ ಚಪ್ಲಿ."

"ಭಾರೀ ಲಾಯ್ಕ್ ಆಯ್ತ್," ಎಂದ ರಾಜೇಂದ್ರ.

ಆ ಸುದ್ದಿ ಕೇಳಿ ಸಂತೋಷಪಟ್ಟ ಮನುಷ್ಯನನ್ನು ಚಂದಯ್ಯ ಅದೇ ಮೊದಲು ನೋಡಿದ್ದು. ಸೂಜಿ ಕೆಳಗಿಟ್ಟ. "ನಿಮ್ ಜನ ಬರ್ಲಿ, ಎಳಿಲಿ. ಆರೆ ರಾಜೇಂದ್ರಣ್ಣ, ಹಗ್ಗಕ್ಕೆ ಕೈ ಹಾಕ್ದರಿಗೆ ಒಂದ್ ಕಟ್ಟಳೆ ಇತ್ತ್."

"ಕಟ್ಟಳೆ ಎಲ್ಲಾ ನಂಗ್ ಬಿಡಿ. ನಾ ಕಾಣ್ಕಂತೆ."

"ಒಂದ್ ಮಾತ್ ಕೇಣಿ. ಮತ್ತ್ ಅವ್ರ್ ಬ್ಯಾಡ ಅಂದ್ರೆ ಆತಿಲ್ಲೆ."

"ಯಾರೂ ಬ್ಯಾಡ ಅಂಬುದಿಲ್ಲೆ ಚಂದಯ್ಯ. ಎಲ್ಲದಕ್ಕೂ ನಾ ಇದ್ದೆ."

ನಾನು ದರ್ಜಿ. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವುದನ್ನು ನೋಡಿದರೆ ನನ್ನಿಂದ ಸುಮ್ಮನಿರಲಾಗದು. ಆ ಕಟ್ಟಳೆ ಏನೆಂದು ಕೇಳು ಮಾರಾಯ ಎಂದು ಮೊಣಕೈಯಿಂದ ತಿವಿದೆ. ರಾಜೇಂದ್ರ ಆಗಲೇ ದಾದಿಯ ಕುರ್ಚಿಯ ಕಡೆಗೆ ಹೊರಟಿದ್ದ.

ದಾದಿ ಸಣ್ಣ ಆಳು, ದೊಡ್ಡ ಕನ್ನಡಕ. ಗಿಣಿ ಅಂಗಿಯನ್ನು ಅವರು ಬಿಳಿ ಸೀರೆಯ ಮೇಲೆ ಸ್ವೆಟರಿನ ಹಾಗೆ ತೊಟ್ಟಿದ್ದರು. ರಾಜೇಂದ್ರ ಹುಡುಗನಾಗಿದ್ದಾಗ ಮುಂಬಯಿಯ ಹೋಟೆಲಿನಲ್ಲಿ ಎರಡು ಮಳೆಗಾಲ ಇದ್ದವನು. ಅಲ್ಲಿ ಕಲಿತ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ, "ಏ ಖೇಲ್ ಹೈ ದಾದೀಜಿ, ರಸ್ಸಿ ಕಾ ಖೇಲ್," ಎಂದ. ಹಗ್ಗದ ಆಟ ಎಂದು ಕೇಳಿದ್ದೇ ದಾದಿ ಚಪ್ಪಲಿ ಕಳಚಿಟ್ಟು ಎದ್ದು ನಿಂತರು. ದಾದಿ ಎದ್ದ ಮೇಲೆ ಇಂದೋರಿನವರು ಒಬ್ಬರೂ ಕೂರುವ ಹಾಗಿಲ್ಲ.

ಆ ಸಂಜೆಯ ದೃಶ್ಯವನ್ನು ಕೋಡಿಯವರು ಈಗಲೂ ಹೇಳುತ್ತಾರೆ. ಎರಡು ಸಾಲು ಗಿಣಿಗಳು ಮರಳಲ್ಲಿ ಕಾಲೂರಿ ಹಗ್ಗ ಎಳೆಯುತ್ತಿದ್ದವು. ಚಂದಯ್ಯನ ಜನ "ಐಲೇಸಾ" ಎಂದರೆ ಇಂದೋರಿನವರು ಇನ್ನೂ ಗಟ್ಟಿಯಾಗಿ ಅಂದರು. ಎಲ್ಲರಿಗಿಂತ ಮುಂದೆ ದಾದಿ, ಸೊಂಟಕ್ಕೆ ಸೆರಗು ಸುತ್ತಿ. ಅವರ ಹಿಂದೆ ರಾಜೇಂದ್ರ, ಎಡಗೈ ಮುಂದೆ ಮಾಡಿ. ಮೇಲೆ ಡ್ರೋನ್ ಹಾರಿತು. ವಿಜೇತಾ ಮೊದಲ ಸಲ ನಕ್ಕಳು. ದಾದಿ ತಿರುಗಿ ನೋಡಿ, "ನಿನ್ನ ಹೆಸರೇನು?" ಎಂದು ಕೇಳಿದರು. ರಾಜೇಂದ್ರ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಕೆಲಸ ಆಯಿತು ಎಂದು ಅದರ ಅರ್ಥ.

ಅಷ್ಟು ಹೊತ್ತಿಗೆ ಹಗ್ಗ ಭಾರವಾಯಿತು. ಮೇಲೆ ಡ್ರೋನಿನ ಸುತ್ತ ಹದ್ದುಗಳು ಬಂದವು. ಚಂದಯ್ಯನ ಜನ ಹಾಡು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬಾಟ್ಲಿ ಇಷ್ಟ್ ಭಾರ ಇತ್ತಾ?" ಎಂದು ರಾಜೇಂದ್ರ ಕೇಳಿದ.

"ಬಾಟ್ಲಿ ಅಲ್ದೇ," ಎಂದ ಚಂದಯ್ಯ. ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದ. "ಬಂಗ್ಡಿ."

ಬಲೆ ದಂಡೆಗೆ ಬಂದು ಬಿಚ್ಚಿಕೊಂಡಿತು. ಒಂದು ತಿಂಗಳು ಎಲ್ಲಿ ಅಡಗಿದ್ದವೋ, ಕಡಲಿನ ಬಂಗುಡೆಯೆಲ್ಲ ಗಂಡಿನ ಕಡೆಯವರನ್ನು ನೋಡಲು ಬಂದ ಹಾಗೆ ಇಂದೋರಿನವರ ಕಾಲ ಬುಡದಲ್ಲಿ ಪಟಪಟ ಹಾರಿದವು. ಕೋಡಿಯವರು ಕುಣಿದರು. ಇಂದೋರಿನವರು ಹಗ್ಗ ಬಿಟ್ಟು ಹಿಂದಕ್ಕೆ ಸರಿದರು. ಒಬ್ಬ ದಪ್ಪನೆಯ ಚಾಚಾ ತೆರೆದ ಬಾಯಿ ಮುಚ್ಚಲಾರದೆ ನಿಂತಿದ್ದರು, ಅವರ ಸೆಲ್ಫಿ ಕೋಲಿನಲ್ಲಿ ಒಂದು ಬಂಗುಡೆ ಸಿಕ್ಕಿಕೊಂಡಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಸ್ನಾನ ಮಾಡಿ ಮರೆಯಬಹುದಿತ್ತು. ಆದರೆ ಚಂದಯ್ಯ ಮರಳಿನ ಮೇಲೆ ಸಾಲಾಗಿ ಮೀನಿನ ಪಾಲು ಹಾಕತೊಡಗಿದ. ಒಂದು ರಾಶಿ, ಇನ್ನೊಂದು ರಾಶಿ, ಮತ್ತೊಂದು. ಸಾಲು ರೆಸಾರ್ಟಿನ ಬೇಲಿಯ ತನಕ ಬಂತು.

"ಇದೆಂತ ಚಂದಯ್ಯ?"

"ಪಾಲ್. ಹಗ್ಗಕ್ಕೆ ಕೈ ಹಾಕ್ದರಿಗೆಲ್ಲಾ ಪಾಲ್ ಇತ್ತ್. ಅದೇ ಕಟ್ಟಳೆ. ನಾ ಹೇಳುಕ್ ಬಂದೆ, ನೀವ್ ಕೇಣ್ಲಿಲ್ಲೆ."

"ಅವ್ರಿಗ್ ಬ್ಯಾಡ."

"ಬ್ಯಾಡ ಅಂಬುಕಾಗ. ಎಳದ್ ಕೈ ಬರಿದೇ ಹೋಪುಕಾಗ. ಒಬ್ರ್ ಪಾಲ್ ಮರ್ಳಲ್ ಬಿದ್ದೇ ಹೋರೆ, ಈ ವರ್ಷ ನಮ್ ಬಲೆ ನೀರ್ ಮುಟ್ಟುದಿಲ್ಲೆ. ನಮ್ ಹುಡ್ಗ್ರ್ ದೋಣಿ ಹತ್ತುದಿಲ್ಲೆ. ತಿಂಗ್ಳ್ ಕಾದ್ ಬಂದ ಮೀನ್ ಇದ್ ರಾಜೇಂದ್ರಣ್ಣ. ನಂಗೂ ಹೊಟ್ಟಿ ಇತ್ತ್."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ರಾಜೇಂದ್ರ ಮೀನು ತಿನ್ನುವುದರಲ್ಲಿ ಪಂಡಿತ, ಹಿಡಿಯುವುದರಲ್ಲಿ ಸೊನ್ನೆ. ಬಸ್ರೂರಿನಲ್ಲಿ ಮೀನು ಬುಟ್ಟಿಯಲ್ಲಿ ಹುಟ್ಟುತ್ತದೆ ಎಂದು ತಿಳಿದವರ ಪೈಕಿ ಅವನು.

ಅತಿಥಿಗಳು ಓಡಿ ಹೋಗಿ ಹುಲ್ಲುಹಾಸಿನಲ್ಲಿ ಅರಿಶಿನ ಶಾಸ್ತ್ರಕ್ಕೆ ಕೂತರು. ಅವರ ಹಿಂದೆಯೇ ಚಂದಯ್ಯನ ಹೆಂಡತಿ ಕಮಲ ಹೆಂಗಸರನ್ನು ಕಟ್ಟಿಕೊಂಡು, ತಲೆಯ ಮೇಲೆ ಬುಟ್ಟಿ ಹೊತ್ತು ಗೇಟಿಗೆ ಬಂದಳು. ಕಾವಲಿನವನು ಕೋಡಿಯ ಹುಡುಗನೇ, ಕಮಲ ಅವನಿಗೆ ಚಿಕ್ಕಮ್ಮ. ಅವನು ಗೇಟು ತೆರೆದು ಬುಟ್ಟಿ ಇಳಿಸಲು ಕೈಯನ್ನೂ ಕೊಟ್ಟ.

"ಯಾರ್‍ಯಾರ್ದ್ ಅಂದ್ ಹ್ಯಾಂಗ್ ಗೊತ್ತಾತ್ತ್?" ಎಂದು ನಾನು ಕೇಳಿದೆ.

"ಗಿಳಿ ಅಂಗಿ ಹಾಕಂಡರ್ದೆಲ್ಲಾ ಪಾಲ್," ಎಂದಳು ಕಮಲ. ಒಂದೊಂದು ಕುರ್ಚಿಯ ಮುಂದೆ ಒಂದೊಂದು ಬಾಳೆಲೆ ಹಾಸಿ ಬಂಗುಡೆ ಇಡುತ್ತ ಹೋದಳು. "ತಕಣಿ, ಬೇಜಾರ್ ಮಾಡ್ಕಂಬ್ಯಾಡಿ. ಇದ್ ಕನ್ನಡ್ಕದರ್ದ್. ಇದ್ ದಪ್ಪದರ್ದ್, ಅವ್ರ್ ಲಾಯ್ಕ್ ಎಳ್ದಿರ್, ಒಂದ್ ಹೆಚ್ಚ್ ಹಾಕಿದೆ." ನಾನೂ ಗಿಣಿ ಅಂಗಿ ತೊಟ್ಟಿದ್ದೆ. ಹಗ್ಗ ಮುಟ್ಟದಿದ್ದರೂ ನನಗೊಂದು ಪಾಲು ಬಂತು. ಸತ್ಯ ಹೇಳಬೇಕೆಂದು ಅನ್ನಿಸಿತು, ಆದರೆ ಮೀನು ತಾಜಾ ಇತ್ತು.

ಬುಟ್ಟಿಗಳ ಹಿಂದೆ ಕೋಡಿಯ ಬೆಕ್ಕುಗಳು ಬಂದವು. ಗೇಟಿನಿಂದ, ಬೇಲಿಯ ಕೆಳಗಿಂದ, ಸ್ವಾಗತದ ಹೂವಿನ ಕಮಾನಿನ ಅಡಿಯಿಂದಲೂ ಬಂದವು. ವಿಜೇತಾ ವಾಕಿ-ಟಾಕಿಯಲ್ಲಿ "ಕ್ಯಾಟ್ಸ್, ಕ್ಯಾಟ್ಸ್" ಎಂದಾಗ ಆ ಕಡೆಯವರು ಕೇಟರಿಂಗ್‌ನವರನ್ನು ಕಳಿಸಬೇಕೇ ಎಂದು ಕೇಳಿದರು. ದಪ್ಪನೆಯ ಚಾಚಾ ಕುರ್ಚಿಯ ಮೇಲೆ ಹತ್ತಿ ನಿಂತು, ಈ ಕ್ಷಣವೇ ಇಂದೋರಿಗೆ ಹೊರಡೋಣ ಎಂದು ಘೋಷಿಸಿದರು. ರಾಜೇಂದ್ರನ ಭಾವ, ಅಂದರೆ ಸ್ವಾತಿಯ ಅಪ್ಪ, ಕಿವಿಗೆ ಹಚ್ಚಿದ ಫೋನನ್ನು ಇಡೀ ದಿನದಲ್ಲಿ ಮೊದಲ ಸಲ ಕೆಳಗಿಳಿಸಿದರು.

ಸರೋಜಕ್ಕ ಬಂದು ತಮ್ಮನನ್ನು ನೋಡಿದರು. ಬೈಯಲಿಲ್ಲ. "ರಾಜು, ನಾಳಿಗೆ ನೀ ಹಿಂದಿನ್ ಸಾಲಲ್ ಕೂಕೋ," ಎಂದಷ್ಟೇ ಹೇಳಿ ತಿರುಗಿದರು. ರಾಜೇಂದ್ರನ ಮುಖ ನೋಡಿ ನನಗೆ ನಿಜವಾಗಿಯೂ ಪಾಪ ಅನ್ನಿಸಿತು. ಬೈದಿದ್ದರೆ ಅವನು ಏನಾದರೂ ಜವಾಬು ಕೊಡುತ್ತಿದ್ದ.

"ಹೋಪ ರಾಜೇಂದ್ರ," ಎಂದೆ. "ಸೂಟ್‌ಕೇಸ್ ನಾ ಹಿಡ್ಕಂತೆ."

"ಇಲ್ಲೆ," ಎಂದ. "ನಾ ಹೋತಿಲ್ಲೆ. ಕೈ ಹಿಡ್ದೇ ಹೋಪುದ್." ಹೇಳಿ ಎಡಗೈಯಿಂದ ಮೀಸೆ ಒರೆಸಿಕೊಂಡ. ಕೈಯಲ್ಲಿದ್ದ ಮೀನಿನ ಪೊರೆ ಮೀಸೆಗೆ ಹತ್ತಿತು.

ಆಗ ದಾದಿಯ ಕರೆ ಬಂತು.

ಜಗಲಿಯ ಮೇಲೆ ನ್ಯಾಯಾಲಯ ಕೂತಿತು. ಒಂದು ಬದಿ ದಾದಿ, ಇನ್ನೊಂದು ಬದಿ ಚಂದಯ್ಯ, ನಡುವೆ ಅನುವಾದಕ್ಕೆ ರಾಜೇಂದ್ರ. ಚಂದಯ್ಯ ಕಟ್ಟಳೆ, ಕಡಲು, ತನ್ನ ಅಜ್ಜನ ಕಾಲ, ದೈವದ ಕೋಪ ಎಲ್ಲವನ್ನೂ ಉದ್ದಕ್ಕೆ ಹೇಳಿದ. ರಾಜೇಂದ್ರ ದಾದಿಗೆ, "ಇವರು ನಿಮಗೆ ನಮಸ್ಕಾರ ಹೇಳುತ್ತಾರೆ," ಎಂದ. ದಾದಿ ಕೈ ಎತ್ತಿ ಹಿಂದಿಯಲ್ಲಿ ಗಡಸಾಗಿ ಹತ್ತಾರು ಮಾತು ಹೇಳಿದರು. ರಾಜೇಂದ್ರ ಚಂದಯ್ಯನಿಗೆ, "ಊಟ ಆಯ್ತಾ ಕೇಂತ್ರ್," ಎಂದ.

"ಅಷ್ಟ್ ಉದ್ದ ಊಟ ಎಂತದ್?" ಎಂದ ಚಂದಯ್ಯ.

ದಾದಿ ಕನ್ನಡಕ ಸರಿಪಡಿಸಿಕೊಂಡರು. "ಈ ಮನುಷ್ಯ ಸುಳ್ಳು ಹೇಳುತ್ತಾನೆ," ಎಂದು ಹಿಂದಿಯಲ್ಲಿ ಹೇಳಿ, ಸ್ವಾತಿಯನ್ನು ಕರೆಸಿದರು. ಮದರಂಗಿಯ ಕೈಗಳನ್ನು ಎತ್ತಿ ಹಿಡಿದು ಬಂದ ಸ್ವಾತಿ, ಮುಂಬಯಿಯಲ್ಲಿ ಹುಟ್ಟಿ ಅಮ್ಮನ ಬಾಯಿಂದ ಕುಂದಾಪ್ರ ಕನ್ನಡ ಕಲಿತವಳು. ಚಂದಯ್ಯನ ಮಾತನ್ನು ಒಂದೂ ಬಿಡದೆ ಹೇಳಿದಳು. ದಾದಿ ಕಣ್ಣು ಮುಚ್ಚಿ ಕೇಳಿದರು.

"ಎಳೆದದ್ದು ನಿಜ," ಎಂದರು ದಾದಿ ಕೊನೆಗೆ. "ನನ್ನ ಕೈಯಲ್ಲಿ ಇನ್ನೂ ಹಗ್ಗದ ಗುರುತು ಇದೆ. ಆಟ ಎಂದು ಹೇಳಿ ಎಳೆಸಿದ್ದು ಈ ಮನುಷ್ಯನ ತಪ್ಪು, ಆ ದೋಣಿಯವನ ತಪ್ಪಲ್ಲ. ಒಬ್ಬರ ಅನ್ನದ ದಾರಿ ಮುಚ್ಚಿ ನನ್ನ ಮೊಮ್ಮಗನಿಗೆ ಹಾರ ಹಾಕಿಸಲಾರೆ. ಆದರೆ ನಾವು ತಿನ್ನುವುದಿಲ್ಲ. ನಮ್ಮ ಪಾಲನ್ನು ಬೇರೆಯವರಿಗೆ ಕೊಡಬಹುದೋ ಕೇಳು."

"ಕೊಡ್ಲಕ್ಕ್," ಎಂದ ಚಂದಯ್ಯ. "ಆರೆ ಕಂಡ್ ಕಂಡರಿಗಲ್ಲ. ಅವ್ರ್ ಸಂಬಂಧದರ್ ಇಲ್ಲಿ ಇದ್ರೆ, ಅವ್ರೇ ಬಂದ್ ಕೈಯ್ಯಾರೆ ಎತ್ತಂಡ್ ಹೋಯ್ಕ್. ಬ್ಯಾರೆ ಯಾರೂ ಮುಟ್ಟುಕಾಗ."

ಇಂದೋರಿನವರಿಗೆ ಕೋಡಿಯಲ್ಲಿ ಎಲ್ಲಿಯ ಸಂಬಂಧ? ದಾದಿ ಎಲ್ಲರ ಮುಖ ನೋಡುತ್ತ ನೋಡುತ್ತ ಬಂದು, ಮೀಸೆಯಲ್ಲಿ ಪೊರೆ ಹೊಳೆಯುತ್ತಿದ್ದ ರಾಜೇಂದ್ರನ ಮೇಲೆ ಕಣ್ಣು ನಿಲ್ಲಿಸಿದರು.

"ನೀನು ಯಾರು ನಿಜವಾಗಿ? ರೆಸಾರ್ಟಿನವನೋ?"

ರಾಜೇಂದ್ರ ಮೀಸೆಯ ಪೊರೆ ಕೀಳತೊಡಗಿದ. ಬೆಳಿಗ್ಗೆಯಿಂದ ಸಿಕ್ಕಿದವರಿಗೆಲ್ಲ ಹೇಳಿದ ಮಾತನ್ನು ಹೇಳಬೇಕಾದವರಿಗೇ ಅವನು ಹೇಳಿರಲಿಲ್ಲ. ಸ್ವಾತಿಯೇ ಹೇಳಿದಳು. "ಮೇರೇ ಮಾಮಾ ಹೈ, ದಾದಿ. ಅಮ್ಮನ ತಮ್ಮ."

"ಮಾಮಾ?" ದಾದಿ ಕುರ್ಚಿಯಿಂದ ಎದ್ದರು. "ಹುಡುಗಿಗೆ ಮಾಮಾ ಇದ್ದಾನೆಯೇ? ನನಗೆ ಯಾರೂ ಹೇಳಲಿಲ್ಲ." ತಮ್ಮ ಕಡೆ ಮಾಮಾ ಉಡುಗೊರೆ ಹೊತ್ತು ಬಾರದೆ ಮದುವೆಗೆ ಮುಹೂರ್ತವೇ ಇಲ್ಲವಂತೆ. ಮಾಮಾ ಇಲ್ಲದ ಹುಡುಗಿ ಪಾಪ, ಅದಕ್ಕೇ ಕಂಪೆನಿಯವರು ಜೀಪು ಕೊಡುತ್ತಿದ್ದಾರೆ ಎಂದು ಅವರು ಇಷ್ಟು ದಿನ ಒಳಗೊಳಗೇ ಮರುಗಿದ್ದರಂತೆ. "ಇವನಿರುವಾಗ ಜೀಪು ಯಾಕೆ?" ಎಂದು ವಿಜೇತಾಳನ್ನು ಕೇಳಿದರು.

"ಹೊಗೆ ಮಷೀನ್..." ಎಂದಳು ವಿಜೇತಾ.

"ಹೊಗೆ ಬೇಕಾದರೆ ಅಡುಗೆಮನೆಗೆ ಹೋಗು," ಎಂದರು ದಾದಿ. ಆಮೇಲೆ ರಾಜೇಂದ್ರನ ಕಡೆ ತಿರುಗಿದರು. "ನಾಳೆ ಬೆಳಿಗ್ಗೆ ಹುಡುಗಿಯ ಕೈಹಿಡಿದು ನೀನು ಬಾ. ಈಗ ನಮ್ಮೆಲ್ಲರ ಪಾಲನ್ನು ಎತ್ತು. ಒಂದೂ ಬಿಡಬಾರದು. ನಮಗೆ ಈ ಊರಿನಲ್ಲಿರುವ ಸಂಬಂಧ ನೀನೊಬ್ಬನೇ."

ಹುಲ್ಲುಹಾಸಿನಿಂದ ಬೇಲಿಯವರೆಗೆ, ಬೇಲಿಯಿಂದ ದಂಡೆಯವರೆಗೆ ರಾಶಿ ಇತ್ತು. ನಾನು ಕೈ ಕೊಡಲು ಹೋದೆ, ಚಂದಯ್ಯ ತಡೆದ. "ನೀವ್ ಸಂಬಂಧ ಅಲ್ದಲೆ," ಎಂದ. ರಾಜೇಂದ್ರ ಒಬ್ಬನೇ ಬಗ್ಗಿ ಬಗ್ಗಿ ಎತ್ತಿದ. ಒಂದೊಂದು ಪಾಲು ಎತ್ತುವಾಗಲೂ ಅದರ ಧಣಿಯ ಕಡೆ ನೋಡಿ ಕೈಮುಗಿದ. ದಪ್ಪನೆಯ ಚಾಚಾ ಕುರ್ಚಿಯಿಂದ ಇಳಿದು, ಅವನಿಗೆ ತಮ್ಮ ಪಾಲನ್ನು ಕಾಲಿನಿಂದ ಸ್ವಲ್ಪ ಹತ್ತಿರ ಸರಿಸಿ ಕೊಟ್ಟರು. ಬೆಕ್ಕುಗಳು ಅವನ ಹಿಂದೆ ಸಾಲುಗಟ್ಟಿದವು. ಕೊನೆಯ ರಾಶಿ ಬುಟ್ಟಿಗೆ ಬಿದ್ದಾಗ ಅವನ ಸೊಂಟ ನೆಟ್ಟಗಾಗಲಿಲ್ಲ, ಚಂದಯ್ಯ ಅವನ ಬೆನ್ನಿಗೆ ಎಣ್ಣೆ ತಿಕ್ಕಿದ. ಇಬ್ಬರೂ ಸೇರಿ ರಿಕ್ಷಾ ತುಂಬ ಬಂಗುಡೆಯನ್ನು ಬಸ್ರೂರಿಗೆ ಕಳಿಸಿದರು.

ಆ ರಾತ್ರಿ ಬಸ್ರೂರಿನಲ್ಲಿ ಬಂಗುಡೆ ಹುರಿಯದ ಮನೆ ಇರಲಿಲ್ಲ. ವನಜ ಮನೆ ಮನೆಗೆ ಹಂಚಿ, ಹಂಚಿದ ಮನೆಯಿಂದಲೇ ಕಾಯಿ ಕೇಳಿ ತಂದು ಮಸಾಲೆ ಕಡೆದರು.

ಬೆಳಿಗ್ಗೆ ರಾಜೇಂದ್ರ ಲಿಂಬೆ, ಹುಣಸೆಹುಳಿ, ಸೀಗೆಪುಡಿ, ರೆಸಾರ್ಟಿನ ಎಲ್ಲ ಬಣ್ಣದ ಸೋಪು ಹಚ್ಚಿ ಮಿಂದ. ವಿಜೇತಾ ತನ್ನ ಸೆಂಟಿನ ಬಾಟಲಿಯನ್ನೇ ಅವನ ಮೇಲೆ ಖಾಲಿ ಮಾಡಿದಳು. ಮೀನು ಮತ್ತು ಸೆಂಟು ಎರಡೂ ಸೋಲೊಪ್ಪದೆ ಜೊತೆಯಾಗಿ ಉಳಿದವು. ಅವನು ಸೂಟ್‌ಕೇಸ್ ತೆರೆದು ರೇಷ್ಮೆ ಪಂಚೆ ಉಟ್ಟ, ಶಲ್ಯ ಹೊದ್ದ. ನೆರಿಗೆ ನಾನು ಹಿಡಿದೆ. ಆ ಶಲ್ಯದ ಅಂಚು ಹೊಲಿದದ್ದೂ ನಾನೇ, ಅದರಲ್ಲಿ ಒಂದು ತಪ್ಪು ಹೊಲಿಗೆ ಸಿಕ್ಕರೆ ಯಾರಾದರೂ ಹೇಳಲಿ.

ನಾಗಸ್ವರ ಮೊದಲಾಯಿತು. ಸ್ವಾತಿ ಕೈ ಚಾಚಿದಳು. ರಾಜೇಂದ್ರ ತನ್ನ ಕೈಯನ್ನು ಮೂಸಿ ನೋಡಿ ಹಿಂದಕ್ಕೆಳೆದ.

"ವಾಸ್ನಿ ಇತ್ತ್ ಮಗಾ."

"ಅಮ್ಮನ್ ಊರ್ ವಾಸ್ನಿ ಮಾವ. ಬನ್ನಿ," ಎಂದು ಅವಳೇ ಅವನ ಕೈಹಿಡಿದಳು.

ಅಂಗಳದಲ್ಲಿ ಛತ್ರಿ ಹಿಡಿದು ಮಾಡಿದ ಅಭ್ಯಾಸ ವ್ಯರ್ಥವಾಗಲಿಲ್ಲ. ಅವನು ನಿಧಾನವಾಗಿ, ಗಂಭೀರವಾಗಿ, ಒಂದು ಹೆಜ್ಜೆಯೂ ತಪ್ಪದೆ ನಡೆದ. ಹಿಂದೆ ಸರೋಜಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದರು. ಅವರ ಹಿಂದೆ ಬಾಲ ಎತ್ತಿಕೊಂಡು ಕೋಡಿಯ ಬೆಕ್ಕುಗಳು ಬಂದವು. ಡ್ರೋನಿನವನು ಎಲ್ಲವನ್ನೂ ತೆಗೆದ. ಮುಂದಿನ ಸಾಲಿನಲ್ಲಿ ಬಿಳಿ ಅಂಗಿ ತೊಟ್ಟ ಚಂದಯ್ಯ ಮತ್ತು ಕಮಲ ಕೂತಿದ್ದರು, ದಾದಿಯೇ ಹೇಳಿ ಕರೆಸಿದ್ದು.

ಮಂಟಪದಲ್ಲಿ ರಾಜೇಂದ್ರ ಸ್ವಾತಿಯನ್ನು ಮಣೆಯ ಹತ್ತಿರ ನಿಲ್ಲಿಸಿ ಕೈಬಿಟ್ಟ. ಬಿಟ್ಟ ಮೇಲೆ ಆ ಕೈಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಮುಂದಕ್ಕೇ ಚಾಚಿಕೊಂಡು ನಿಂತಿದ್ದ, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ದಾದಿ ಪೂಜೆಯ ತಟ್ಟೆಯಿಂದ ಒಂದು ತೆಂಗಿನಕಾಯಿ ತೆಗೆದು ಕುಂಕುಮ ಹಚ್ಚಿ, ಆ ಖಾಲಿ ಕೈಯಲ್ಲಿ ಇಟ್ಟರು. ಆಮೇಲೆ ಚಂದಯ್ಯನ ಕಡೆ ನೋಡಿ, ರಾತ್ರಿಯೆಲ್ಲ ಸ್ವಾತಿಯಿಂದ ಬಾಯಿಪಾಠ ಮಾಡಿದ ಮಾತನ್ನು ಕನ್ನಡದಲ್ಲೇ ಹೇಳಿದರು.

"ಎಳದ್ ಕೈ ಬರಿದೇ ಹೋಪುಕಾಗ."

ಚಂದಯ್ಯ ಎದ್ದು ನಿಂತು ಕೈಮುಗಿದ. ರಾಜೇಂದ್ರ ಕಾಯಿಯನ್ನು ನೋಡಿದ. ಅದರ ಜುಟ್ಟು ಎಡಕ್ಕೆ ವಾಲಿತ್ತು.

ಊಟ ಮುಗಿಸಿ ಹೊರಡುವಾಗ, ಬೆಳಿಗ್ಗೆ ಬಸ್ಸಿನಲ್ಲಿ ಮದುವೆಗೆ ಬಂದಿದ್ದ ವನಜ ಆ ಕಾಯಿಗೆ ಕೈಚಾಚಿದರು. "ಇತ್ಲಾಗ್ ಕೊಡಿ. ನಿನ್ನಿ ಬಂಗ್ಡಿ ಇನ್ನೂ ಇತ್ತ್, ಕಡುಕೆ ಮನ್ಯಲ್ ಕಾಯಿ ಇಲ್ಲೆ."

"ಇದ್ ಕಾಯಿ ಅಲ್ಲ, ನನ್ ಪಾಲ್," ಎಂದ ರಾಜೇಂದ್ರ. "ಸಾರಿಗ್ ಹಾಕುಕಾಗ."

ಅದನ್ನು ಖಾಲಿ ಸೂಟ್‌ಕೇಸಿನಲ್ಲಿಟ್ಟು, ನಂಬರಿನ ಬೀಗ ಹಾಕಿ, ನನ್ನ ತೊಡೆಯ ಮೇಲೆ ಇಟ್ಟ. ವನಜ ಬಸ್ಸಿಗೆ ಹೋದರು. ಬಸ್ರೂರಿನವರೆಗೂ ಕಾಯಿ ಒಳಗೆ ಆಚೆ ಈಚೆ ಉರುಳುತ್ತ ಬಂತು. ರಸ್ತೆಯ ಪ್ರತಿ ಹೊಂಡಕ್ಕೂ ರಾಜೇಂದ್ರ ಸ್ಕೂಟರ್ ನಿಧಾನ ಮಾಡಿ, ತಿರುಗದೆಯೇ ಹೇಳುತ್ತಿದ್ದ.

"ಗಟ್ಟಿ ಹಿಡ್ಕಣಿ ರಾಘಣ್ಣ. ಒಡ್ದ್ ಹೋತ್ತ್."